ಮೂಗಿನ ತುದಿಯ ಸಿಟ್ಟು: ಎರಡನೆಯ ಜಸ್ಟಿನಿಯನ್‌ನನ್ನು ಕಥೆಗಾರ ತಣ್ಣಗಾಗಿಸಬಹುದೇ?

ಪರ್ಯಾಯ ಇತಿಹಾಸದ ಕಥೆಗಳಲ್ಲಿ ಯುದ್ಧದ ಫಲವನ್ನೋ ಗಾಳಿಯ ದಿಕ್ಕನ್ನೋ ಬದಲಿಸುವುದು ವಾಡಿಕೆ. ಬೈಜಾಂಟಿಯಂನ, ಎಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಮುಂಗೋಪಿ ಚಕ್ರವರ್ತಿ ಎರಡನೆಯ ಜಸ್ಟಿನಿಯನ್‌ನ (ಆಳ್ವಿಕೆ 685–695 ಮತ್ತು 705–711) ಸಿಟ್ಟನ್ನೇ ತಿರುವಾಗಿಸಿಕೊಂಡು ಕಥೆ ಕಟ್ಟುವುದು ಸರಿಯೇ?

ಪರ: ದೋಣಿಯಲ್ಲಿ ಇನ್ನೊಂದು ಉತ್ತರವೂ ಇತ್ತು

ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಎರಡನೆಯ ಜಸ್ಟಿನಿಯನ್‌ನ ವಿಷಯದಲ್ಲಿ ಆ ಮಾತು ಸುಳ್ಳಾಯಿತು. 695ರಲ್ಲಿ ದಂಡನಾಯಕ ಲಿಯೋಂಟಿಯಸ್ ದಂಗೆಯೆದ್ದು, ಅವನ ಮೂಗು ಕೊಯ್ಯಿಸಿ, ಕಪ್ಪು ಸಮುದ್ರದ ಉತ್ತರ ದಡದ ಖೆರ್ಸೋನ್‌ಗೆ ಗಡೀಪಾರು ಮಾಡಿದ. ಅಂಗಹೀನನು ಸಿಂಹಾಸನಕ್ಕೆ ಸಲ್ಲನೆಂಬ ನಂಬಿಕೆ ಅಲ್ಲಿ ಬಲವಾಗಿದ್ದುದರಿಂದ, ಕೊಲ್ಲದೆಯೇ ಅವನ ಲೆಕ್ಕ ಚುಕ್ತಾ ಮಾಡಿದೆವೆಂದು ವೈರಿಗಳು ನಿಶ್ಚಿಂತರಾದರು. ಮೂಗು ಹೋಯಿತು, ಸಿಟ್ಟು ಹೋಗಲಿಲ್ಲ.

ಅಲ್ಲಿಂದ ತಪ್ಪಿಸಿಕೊಂಡು ಖಜಾರರೆಂಬ ಜನರ ದೊರೆಯಾದ ಕಗಾನನ ಆಶ್ರಯ ಸೇರಿ, ಅವನ ಸೋದರಿಯನ್ನೇ ಮದುವೆಯಾಗಿ, ಅದೇ ಕಗಾನ್ ತನ್ನನ್ನು ಕೊಲ್ಲಿಸಲು ಒಪ್ಪಿದ್ದಾನೆಂಬುದನ್ನು ಹೆಂಡತಿಯಿಂದಲೇ ತಿಳಿದು, ಆ ಕೆಲಸಕ್ಕೆ ನೇಮಕವಾಗಿದ್ದ ಇಬ್ಬರು ಅಧಿಕಾರಿಗಳ ಕತ್ತು ಹಿಸುಕಿ, ಮೀನುಗಾರರ ದೋಣಿಯೊಂದನ್ನು ಹತ್ತಿ ಡಾನ್ಯೂಬ್ ನದಿಯತ್ತ ಹೊರಟವನಿಗೆ ನಡುಗಡಲಲ್ಲಿ ಬಿರುಗಾಳಿ ಎದುರಾಯಿತು. ಜೊತೆಗಿದ್ದ ಸೇವಕ ಮಯಾಕೀಸ್, ಬದುಕಿ ದಡ ಸೇರಿದರೆ ಯಾರ ಮೇಲೂ ಸೇಡು ತೀರಿಸುವುದಿಲ್ಲವೆಂದು ದೇವರಿಗೆ ಮಾತು ಕೊಡಿ ಎಂದು ಬೇಡಿಕೊಂಡ. ವೈರಿಗಳಲ್ಲಿ ಒಬ್ಬನನ್ನಾದರೂ ಉಳಿಸುವುದಾದರೆ ದೇವರು ತನ್ನನ್ನು ಇಲ್ಲೇ ಮುಳುಗಿಸಲಿ ಎಂದು ಜಸ್ಟಿನಿಯನ್ ಉತ್ತರಿಸಿದ.

ನನ್ನ ವಾದವೆಲ್ಲ ಈ ದೋಣಿಯಲ್ಲಿದೆ. ಇಲ್ಲಿರುವ ಕವಲನ್ನು ಕಥೆಗಾರ ತನ್ನ ಅನುಕೂಲಕ್ಕೆ ತಂದಿಟ್ಟದ್ದಲ್ಲ, ಇತಿಹಾಸವೇ ಇಟ್ಟದ್ದು. ಕೇಳಿದವನೊಬ್ಬನಿದ್ದ, ಕೇಳಿದ ಮಾತು ಇತ್ತು, ಹೂಂ ಎನ್ನಲೂ ಊಹೂಂ ಎನ್ನಲೂ ಅವಕಾಶವಿತ್ತು. ಊಹೂಂ ಎಂದುದರ ಫಲ ನಮಗೆ ಗೊತ್ತಿದೆ. 705ರಲ್ಲಿ ಬಲ್ಗರರ ದೊರೆ ತೆರ್ವೆಲ್‌ನ ಸೈನ್ಯದೊಡನೆ ಬಂದು, ನೀರಿನ ಮೇಲ್ಗಾಲುವೆಯ ಮೂಲಕ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನೊಳಗೆ ನುಸುಳಿದ ಅವನು, ತಾನಿಲ್ಲದಾಗ ಗದ್ದುಗೆಯೇರಿದ್ದ ಲಿಯೋಂಟಿಯಸ್, ಮೂರನೆಯ ಟೈಬೀರಿಯಸ್ ಇಬ್ಬರ ಕುತ್ತಿಗೆಯ ಮೇಲೆ ಕಾಲಿಟ್ಟು ಕುದುರೆ ಪಂದ್ಯ ನೋಡಿ ಆಮೇಲೆ ಅವರ ತಲೆ ಹೊಡೆಸಿದ. ಧರ್ಮಗುರು ಕಲ್ಲಿನಿಕೋಸ್‌ನ ಕಣ್ಣು ಕೀಳಿಸಿದ. ಗದ್ದುಗೆಯ ಮೇಲೆ ಕೂರಿಸಿದ ತೆರ್ವೆಲ್‌ನ ಮೇಲೆಯೇ 708ರಲ್ಲಿ ಯುದ್ಧಕ್ಕೆ ಹೋಗಿ, ಆಂಕಿಯಾಲಸ್‌ನಲ್ಲಿ ಸೋತು, ರಾತ್ರೋರಾತ್ರಿ ಹಡಗು ಹತ್ತಿ ಓಡಿಬಂದ. 711ರಲ್ಲಿ ಖೆರ್ಸೋನ್‌ನ ಮೇಲೆ ಸೇಡಿನ ನೌಕಾಪಡೆ ಕಳುಹಿಸಿದಾಗ ಆ ಪಡೆಯೇ ತಿರುಗಿಬಿದ್ದು, ಗಡೀಪಾರಾಗಿ ಅಲ್ಲಿದ್ದ ಬಾರ್ದಾನಿಸ್ ಎಂಬವನನ್ನು ಚಕ್ರವರ್ತಿಯೆಂದು ಕೂಗಿತು. ಜಸ್ಟಿನಿಯನ್‌ನ ತಲೆ ಉರುಳಿತು. ಆರು ವರ್ಷದ ಅವನ ಮಗನನ್ನು ಚರ್ಚಿನಿಂದ ಎಳೆದು ತಂದು ಕೊಂದರು. 610ರಲ್ಲಿ ಹೆರಾಕ್ಲಿಯಸ್‌ನಿಂದ ಮೊದಲಾದ ವಂಶ ಅಲ್ಲಿಗೆ ಮುಗಿಯಿತು.

ಹೂಂ ಎಂದಿದ್ದರೆ? ಖೆರ್ಸೋನ್‌ಗೆ ನೌಕಾಪಡೆ ಹೋಗುವುದಿಲ್ಲ, ಬಾರ್ದಾನಿಸ್‌ಗೆ ಸೈನ್ಯ ಸಿಗುವುದಿಲ್ಲ. 717ರ ಆಗಸ್ಟ್‌ನಲ್ಲಿ ಮಸ್ಲಮನ ಅರಬ್ ಸೇನೆ ನಗರದ ಕೋಟೆಯ ಮುಂದೆ ಬೀಡುಬಿಟ್ಟಾಗ ಗೋಡೆಯ ಮೇಲೆ ನಿಲ್ಲುವವನು ಆಗ ನಿಜವಾಗಿ ಆಳುತ್ತಿದ್ದ ಮೂರನೆಯ ಲಿಯೋ ಅಲ್ಲ, ಐವತ್ತರ ಸಮೀಪದ, ಮೂಗಿಲ್ಲದ ಜಸ್ಟಿನಿಯನ್. ಇಂಥ ದೃಶ್ಯವನ್ನು ಬಿಟ್ಟುಕೊಡುವ ಕಥೆಗಾರ ಯಾರು? ಅವನು ಗೆಲ್ಲಲೇಬೇಕೆಂದು ನಾನು ಹೇಳುತ್ತಿಲ್ಲ. ಚಿನ್ನದ ನಾಣ್ಯದ ಮೇಲೆ ಕ್ರಿಸ್ತನ ಮುಖವನ್ನು ಮೊದಲ ಬಾರಿಗೆ ಅಚ್ಚೊತ್ತಿಸಿದ ದೊರೆ ಉಳಿದಿದ್ದರೆ, ಪವಿತ್ರ ಚಿತ್ರಗಳನ್ನು ಪೂಜಿಸಬಹುದೇ ಎಂಬುದರ ಮೇಲೆ ಮುಂದೆ ನಡೆದ ವಿಗ್ರಹಭಂಜನೆಯ ಕಲಹ ಯಾವ ರೂಪ ತಾಳುತ್ತಿತ್ತು ಎಂಬ ಪ್ರಶ್ನೆಯೊಂದೇ ಒಂದು ಕಾದಂಬರಿಗೆ ಸಾಲುತ್ತದೆ.

ಸ್ವಭಾವ ಬದಲಾಗದು ಎನ್ನುವವರಿಗೆ ನಮ್ಮ ಅಜ್ಜನ ವಿಷಯ ಹೇಳಬೇಕು. ತೋಟಕ್ಕೆ ನೀರು ಬಿಡುವ ಸರದಿಯ ವಿಚಾರದಲ್ಲಿ ಅಜ್ಜನಿಗೂ ಅವರ ತಮ್ಮನಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಕೋರ್ಟಿನಲ್ಲಿ ದಾವೆ ಬೇರೆ. ವಾಯಿದೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು, ಒಬ್ಬರು ಮುಂದಿನ ಬಾಗಿಲಿನ ಬಳಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ. ಒಂದು ಆಷಾಢದ ಸಂಜೆ ಬಸ್ಸು ಕೆಟ್ಟು, ಮೂರು ಮೈಲಿ ನಡೆಯಬೇಕಾಗಿ ಬಂತು. ಕೊಡೆ ಇದ್ದದ್ದು ಚಿಕ್ಕಜ್ಜನ ಕೈಯಲ್ಲಿ ಮಾತ್ರ. ಅವರು ಸುಮ್ಮನೆ ಬಂದು ಪಕ್ಕದಲ್ಲಿ ನಿಂತು, "ಅಣ್ಣಾ, ಬಾ" ಎಂದರಂತೆ. ಅಜ್ಜನ ಬಾಯಿ ಬಲ್ಲ ಊರಿನವರೆಲ್ಲ ಬೈಗುಳಕ್ಕೆ ಕಾದು ನಿಂತರು. ಅಜ್ಜ ಕೈ ಚಾಚಿ, "ಕೊಡೆ ಇಲ್ಲಿ ಕೊಡು, ನೀನು ಕುಳ್ಳ" ಎಂದು ಕಿತ್ತುಕೊಂಡು ತಮ್ಮನ ತಲೆಯ ಮೇಲೂ ಹಿಡಿದು ನಡೆದರು. ಮುಂದಿನ ವಾಯಿದೆಗೆ ದಾವೆ ವಾಪಸ್ಸಾಯಿತು. ಅಜ್ಜನ ಸ್ವಭಾವವೇನೂ ಬದಲಾಗಿರಲಿಲ್ಲ; ಅದೇ ರಾತ್ರಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಜ್ಜಿಯ ಮೇಲೆ ರೇಗಿದ್ದರು. ಬದಲಾದದ್ದು ಒಂದು ಉತ್ತರ ಮಾತ್ರ. ಜಸ್ಟಿನಿಯನ್‌ನಿಂದ ನಾನು ಕೇಳುತ್ತಿರುವುದೂ ಅಷ್ಟನ್ನೇ.

ಅವನ ಕಥೆ ಬರೆದಿಟ್ಟವರು ಅವನ ದ್ವೇಷಿಗಳು ಎಂಬ ತಕರಾರೊಂದಿದೆ. ಇದ್ದರೆ ಇರಲಿ. ಕಥೆಗಾರ ಸಾಕ್ಷಿಗಳ ಪಾಟೀಸವಾಲಿಗೆ ಕೂತವನಲ್ಲ.

ವಿರೋಧ: ಒಲೆಯ ಉರಿ ತಗ್ಗಿಸಿದರೆ ಸಾಮ್ರಾಜ್ಯ ಉಳಿಯದು

ವಿರೋಧವಾಗಿ ಬರೆಯಲು ಒಪ್ಪಿಕೊಂಡದ್ದರಿಂದ ಬರೆಯುತ್ತಿದ್ದೇನೆ. ಇಂಥ ಕಥೆಗಳನ್ನು ನಿದ್ದೆಗೆಟ್ಟು ಓದುವವರಲ್ಲಿ ನಾನೂ ಒಬ್ಬ ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಆದರೂ ಈ ಬಗೆಯ ಕಥೆಗಾರರಿಗೆ ಚಕ್ರವರ್ತಿಯೆಂದರೆ ಉಕ್ಕುವ ಹಾಲಿನ ಪಾತ್ರೆ. ಉರಿ ತಗ್ಗಿಸಿದರೆ ಮೂರು ಖಂಡಗಳ ರಾಜಕಾರಣ ತಾನಾಗಿ ತಳಕ್ಕೆ ಇಳಿಯುತ್ತದೆಂದು ಅವರು ನಂಬಿದಂತಿದೆ.

ಅವನ ಮೊದಲ ಆಳ್ವಿಕೆಯ ಯುದ್ಧವನ್ನೇ ನೋಡೋಣ. ಆರಂಭದಲ್ಲಿ ಅರಬರ ದೊರೆ ಖಲೀಫ ಅಬ್ದ್ ಅಲ್-ಮಲಿಕ್ ಅವನಿಗೆ ಕಪ್ಪ ಕೊಡಲು ಒಪ್ಪಿದ್ದ. ಸೈಪ್ರಸ್‌ನ ತೆರಿಗೆಯನ್ನು ಇಬ್ಬರೂ ಹಂಚಿಕೊಳ್ಳಬೇಕೆಂದು ಒಡಂಬಡಿಕೆಯಾಗಿತ್ತು. ಖಲೀಫ ಬಗ್ಗಿದ್ದು ಜಸ್ಟಿನಿಯನ್‌ನ ಪ್ರತಾಪಕ್ಕಲ್ಲ, ತನ್ನ ಮನೆಯೊಳಗಿನ ಅಂತರ್ಯುದ್ಧ ಮುಗಿಯುವವರೆಗೆ ಬೆನ್ನ ಹಿಂದೆ ಇನ್ನೊಬ್ಬ ಶತ್ರು ಬೇಡವೆಂದು. 692ರಲ್ಲಿ ಮೆಕ್ಕಾ ಬಿದ್ದು ಆ ಅಂತರ್ಯುದ್ಧ ಮುಗಿಯಿತು, ಖಲೀಫನ ಕೈ ಬಿಡುವಾಯಿತು. ಅದೇ ಸುಮಾರಿಗೆ ಸೆಬಾಸ್ಟೊಪೊಲಿಸ್‌ನಲ್ಲಿ ಅರಬರು, ಮುರಿದ ಒಪ್ಪಂದದ ಪತ್ರವನ್ನೇ ಬಾವುಟದಂತೆ ಈಟಿಗೆ ಕಟ್ಟಿಕೊಂಡು ಬಂದರು. ಬಲವಂತವಾಗಿ ಏಷ್ಯಾ ಮೈನರ್‌ಗೆ ತಂದು ನೆಲೆಗೊಳಿಸಿದ ಸ್ಲಾವರಿಂದ ಕಟ್ಟಿದ್ದ 30,000 ಮಂದಿಯ ಪಡೆಯಲ್ಲಿ 20,000 ಮಂದಿ ಶತ್ರುವಿನ ಕಡೆಗೆ ಹೋದರೆಂದು ವೃತ್ತಾಂತಕಾರ ಥಿಯೋಫನೀಸ್ ಬರೆಯುತ್ತಾನೆ. ಒಪ್ಪಂದ ಮುರಿದವನು ಜಸ್ಟಿನಿಯನ್‌ನೇ ಎಂದು ಅದೇ ಥಿಯೋಫನೀಸ್ ಹೇಳುತ್ತಾನೆ, ಒಪ್ಪೋಣ. ಆದರೆ ಶಾಂತಮೂರ್ತಿಯೊಬ್ಬ ಸಿಂಹಾಸನದಲ್ಲಿದ್ದರೂ ಕೈ ಬಿಡುವಾದ ಖಲೀಫ ಕಪ್ಪ ಕೊಡುತ್ತಲೇ ಇರುತ್ತಿದ್ದನೇ?

ಇನ್ನು ಈ ಸಿಟ್ಟಿನ ಸಾಕ್ಷಿಗಳು. ನಮಗೆ ದೊರೆತಿರುವ ಮುಖ್ಯ ಬರಹಗಳು ಥಿಯೋಫನೀಸ್ ಮತ್ತು ನಿಕೆಫೊರಸ್ ಅವರವು. ಇಬ್ಬರೂ ಘಟನೆಗಳಾಗಿ ಸುಮಾರು ನೂರು ವರ್ಷದ ಮೇಲೆ ಬರೆದವರು. ಖೆರ್ಸೋನ್‌ನಿಂದ ಮರಳುವಾಗ, ತಿರುಗಿಬಿದ್ದ ಪಡೆಗೂ ಮೊದಲು ಹೋಗಿದ್ದ ನೌಕಾಪಡೆ ಬಿರುಗಾಳಿಗೆ ಸಿಕ್ಕಿ 73,000 ಮಂದಿ ಮುಳುಗಿದರೆಂದೂ, ಆ ಸುದ್ದಿ ಕೇಳಿ ಚಕ್ರವರ್ತಿ ಹಿಗ್ಗಿದನೆಂದೂ ಥಿಯೋಫನೀಸ್ ಹೇಳುತ್ತಾನೆ. ತನ್ನದೇ ನೌಕಾಪಡೆ ಮುಳುಗಿದ್ದಕ್ಕೆ ಹಿಗ್ಗುವ ದೊರೆಯನ್ನು, ಅದೂ ಆ ಲೆಕ್ಕದೊಡನೆ, ನಂಬುವವರು ನಂಬಲಿ. ಆ ಸಿಟ್ಟಿನಲ್ಲಿ ಎಷ್ಟು ಪಾಲು ಜಸ್ಟಿನಿಯನ್‌ನದು, ಎಷ್ಟು ಪಾಲು ಅವನನ್ನು ಕೆಳಗಿಳಿಸಿದವರ ಪ್ರಚಾರದ್ದು ಎಂದು ಬೇರ್ಪಡಿಸಲಾಗದಿರುವಾಗ, ಅದನ್ನು ತಣಿಸುವವನು ಇತಿಹಾಸವನ್ನು ಬದಲಿಸುತ್ತಿಲ್ಲ, ಒಂದು ಕಥೆಗೆ ಇನ್ನೊಂದು ಕಥೆಯನ್ನು ಹೊಲಿಯುತ್ತಿದ್ದಾನೆ.

ಪರವಾಗಿ ಬರೆಯುವವರು ದೋಣಿಯ ಪ್ರಸಂಗವನ್ನು ಎತ್ತದೆ ಬಿಡುವುದಿಲ್ಲ. ಚೆಂದದ ಪ್ರಸಂಗ; ಅದರ ಬಗ್ಗೆ ಹೆಚ್ಚು ವಾದ ಬೇಡ. ದೋಣಿ ಬೇಕೇ ಬೇಕೆಂದಾದರೆ ಸಿಟ್ಟನ್ನು ಮುಟ್ಟದೆ ಗಾಳಿಯನ್ನು ಇನ್ನಷ್ಟು ಜೋರಾಗಿ ಬೀಸಲು ಬಿಡಬಹುದು. ಅವನು ಬೇಡಿದಂತೆಯೇ ದೇವರು ಅವನನ್ನು ಅಲ್ಲೇ ಮುಳುಗಿಸಲಿ. ಆಗ ಸಿಂಹಾಸನದಲ್ಲಿ ಮೂರನೆಯ ಟೈಬೀರಿಯಸ್ ಉಳಿಯುತ್ತಾನೆ. 698ರಿಂದ ಏಳು ವರ್ಷ ತಕ್ಕಮಟ್ಟಿಗೆ ಆಳಿದ ಅವನ ಪರವಾಗಿ ತಮ್ಮ ಹೆರಾಕ್ಲಿಯಸ್ (ಹಿಂದಿನ ಚಕ್ರವರ್ತಿಯಲ್ಲ, ಬೇರೊಬ್ಬ) ಏಷ್ಯಾ ಮೈನರ್‌ನ ಸಿಲಿಷಿಯಾದ ಗಡಿಯಲ್ಲಿ ಅರಬರನ್ನು ಸೋಲಿಸಿದ್ದ. ಜಸ್ಟಿನಿಯನ್ ಮರಳಿ ಬಂದು ಈ ಹೆರಾಕ್ಲಿಯಸ್‌ನನ್ನೂ ಅವನ ಅಧಿಕಾರಿಗಳನ್ನೂ ಕೋಟೆಯ ಗೋಡೆಗೆ ನೇತುಹಾಕಿಸಿದ. ದೋಣಿ ಮುಳುಗಿದ್ದರೆ, 717ರಲ್ಲಿ ಮಸ್ಲಮ ಬರುವ ಹೊತ್ತಿಗೆ ಅದೇ ಗೋಡೆಯ ಮೇಲೆ ಹೆರಾಕ್ಲಿಯಸ್ ತನ್ನ ಕಾಲಮೇಲೆ ನಿಂತಿರುತ್ತಿದ್ದನೇನೋ. ಇದೂ ಪರ್ಯಾಯ ಇತಿಹಾಸವೇ ಎಂದು ಯಾರಾದರೂ ನನ್ನನ್ನು ಹಿಡಿದರೆ, ಒಪ್ಪಿಕೊಳ್ಳುತ್ತೇನೆ.