ಆ ನೀಲಿ ಬಕೆಟ್

ಬೆಳಗ್ಗೆಯಿಂದ ಮನಸ್ಸು ಸರಿಯಿಲ್ಲ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ.

ದಿನಾ ನಮ್ಮ ಕೆರೆ ಏರಿ ಮೇಲೆ ವಾಕಿಂಗ್ ಹೋಗುವವಳು ನಾನು, ನಿಮಗೆಲ್ಲ ಗೊತ್ತೇ ಇದೆ. ಇವತ್ತು ಗಂಡ, ಹೆಂಡತಿ, ಒಂದು ಪುಟ್ಟ ಮಗು ಸ್ಕೂಟರ್ ನಿಲ್ಲಿಸಿ ಇಳಿದರು. ಕೈಯಲ್ಲಿ ನೀಲಿ ಬಕೆಟ್. ಒಳಗೆ ಗೇಣುದ್ದದ ಮೂರು ಕಪ್ಪು ಮೀನು. ಮೈಯೆಲ್ಲ ಒರಟು, ಬಾಯಿ ತಲೆಯ ಅಡಿಭಾಗದಲ್ಲಿ. ಅಕ್ವೇರಿಯಂ ಅಂಗಡಿಯಲ್ಲಿ 'ಟ್ಯಾಂಕ್ ಕ್ಲೀನರ್' ಅಂತ ಮಾರುತ್ತಾರಲ್ಲ, ಅದೇ ಸಕ್ಕರ್ ಮೀನು. ಜೊತೆಗೆ ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಒಂದು ಆಮೆ. ನಾನು ಓಡಿ ಹೋಗುವಷ್ಟರಲ್ಲಿ ಮೀನು ನೀರಿಗೆ ಬಿದ್ದಾಗಿತ್ತು. ಮಗು ಟಾಟಾ ಮಾಡುತ್ತಿತ್ತು. "ಟ್ಯಾಂಕ್ ಸಾಲ್ತಾ ಇಲ್ಲ ಮೇಡಂ, ಪಾಪ, ಇಲ್ಲಾದ್ರೂ ಆರಾಮಾಗಿ ಇರಲಿ" ಅಂದರು ಅವರು. ಆಮೆಯನ್ನು ಮಾತ್ರ ಬೇಡಿಕೊಂಡು ಇಸಿದುಕೊಂಡೆ.

ಅವರ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದಿರುವುದು, ಅಂಥ ಮೀನನ್ನು ಕೌಂಟರ್ ಮೇಲಿಟ್ಟು ಮಾರುವುದನ್ನು ನೋಡಿಯೂ ಸುಮ್ಮನಿರುವವರ ಮೇಲೆ. ಬೆರಳುದ್ದದ ಮರಿ ಕೊಡುವಾಗ ಇದು ಒಂದಡಿಗಿಂತ ಜಾಸ್ತಿ ಬೆಳೆಯುತ್ತದೆ ಅಂತ ಯಾರು ಹೇಳುತ್ತಾರೆ? ದಕ್ಷಿಣ ಅಮೆರಿಕದ ಮೀನದು. ದಡದ ಮಣ್ಣು ಕೊರೆದು ಬಿಲದಲ್ಲಿ ಮೊಟ್ಟೆ ಇಡುತ್ತದೆ. ಹೋದ ತಿಂಗಳು ನಮ್ಮ ಕೆರೆಯಲ್ಲಿ ಬಲೆ ಹಾಕುವ ಹಿರಿಯರು ತಮ್ಮ ಬಲೆ ಬಿಡಿಸಿ ತೋರಿಸಿದರು. ಅಂಗೈ ತೂರುವಂಥ ಮೂರು ತೂತು. ಬಲೆ ಹರಿದಿದ್ದ ಸಕ್ಕರ್ ಮೀನು ಪಕ್ಕದಲ್ಲೇ ಬಿದ್ದಿತ್ತು. ನೀರು ಬಿಟ್ಟು ಎಷ್ಟೋ ಹೊತ್ತಾಗಿದ್ದರೂ ಕಿವಿರು ಆಡುತ್ತಲೇ ಇತ್ತು. ಕೊಳ್ಳುವವರಿಲ್ಲ, ತಿನ್ನುವವರಿಲ್ಲ.

ಕಾನೂನೇ ಇಲ್ಲ ಅನ್ನುತ್ತಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ದಲ್ಲೇ ನಿಷೇಧ ಬಂತು. 2022ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯ್ದೆಯೇ ಇಂಥ ಹೊರಗಿನ ಜೀವಿಗಳ ಆಮದು, ಮಾರಾಟ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಆದರೆ ಎಲ್ಲದಕ್ಕೂ ದಿಲ್ಲಿ ಕಡೆ ಯಾಕೆ ನೋಡಬೇಕು? ಮೀನುಗಾರಿಕೆ, ನೀರು ಎರಡೂ ಸಂವಿಧಾನದ ರಾಜ್ಯ ಪಟ್ಟಿಯಲ್ಲೇ ಇವೆ. ಬಂಗಾಳದಲ್ಲಿ ಅಂತರಗಂಗೆ (ವಾಟರ್ ಹಯಸಿಂತ್) ಕಳೆ ತೆಗೆಸೋಕೆ ಅಂತಲೇ 1936ರಲ್ಲಿ ಪ್ರಾಂತ್ಯದ ಕಾಯ್ದೆ ಮಾಡಿದ್ದರು. ಅದೂ ಆ ಕಳೆ ನೀರೆಲ್ಲ ತುಂಬಿದ ಮೇಲೆ. ಅನುಕೂಲವಿದ್ದರೆ ಎರಡು ವಾರದಲ್ಲಿ ಇಮ್ಮಡಿಯಾಗುವ ಗಿಡ, ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಆಮೇಲೆ ಜೆಸಿಬಿ ತಂದರೆ ಏನು ಬಂತು?

ಗೆಳೆಯರೊಬ್ಬರು ಫೋನಿನಲ್ಲಿ ಕೇಳಿದರು, "ಪಾರ್ಥೇನಿಯಂ ಕಥೆ ಏನಾಯ್ತು?" ಹೌದು, 1975ರಲ್ಲಿ ನಮ್ಮ ರಾಜ್ಯ ಅದನ್ನು ಕೀಟ-ರೋಗ ಕಾಯ್ದೆಯಡಿ ಹಾನಿಕಾರಕ ಕಳೆ ಅಂತ ಘೋಷಿಸಿತು. ಇವತ್ತೂ ಖಾಲಿ ಸೈಟ್ ತುಂಬ ಅದೇ ಇದೆ. ಆದರೆ ಈ ಹೋಲಿಕೆ ನಾನು ಒಪ್ಪುವುದಿಲ್ಲ. ಪಾರ್ಥೇನಿಯಂ ಬೀಜ ಗಾಳಿಯಲ್ಲಿ, ನೀರಲ್ಲಿ, ಲಾರಿ ಚಕ್ರದಲ್ಲಿ ಹೋಗುತ್ತದೆ. ಅದನ್ನು ಯಾವ ಅಂಗಡಿಯವರೂ ಕವರಿನಲ್ಲಿ ಹಾಕಿ ಕೊಡುವುದಿಲ್ಲ. ಸಕ್ಕರ್ ಮೀನಿಗೆ ಮಾರುವವರಿದ್ದಾರೆ, ಕೊಳ್ಳುವವರಿದ್ದಾರೆ, ಬಿಲ್ ಇದೆ. ತಡೆಯುವ ಜಾಗ ಕಣ್ಣೆದುರೇ ಇದೆ ಅಲ್ವಾ? ಯಾವುದನ್ನು ಮಾರಬಾರದು ಅಂತ ಒಂದು ಪಟ್ಟಿ ಅಂಗಡಿ ಗೋಡೆ ಮೇಲೆ ಇರಲಿ. ಸಾಕಲಾಗದವರು ತಂದುಕೊಟ್ಟರೆ ವಾಪಸ್ ತೆಗೆದುಕೊಳ್ಳಲೇಬೇಕು ಅನ್ನುವ ನಿಯಮ ಇರಲಿ. ವ್ಯಾಪಾರಕ್ಕೆ ಪೆಟ್ಟು ಅನ್ನುತ್ತಾರೆ. ಬಲೆ ಹರಿದುಕೊಂಡವರದ್ದೂ ವ್ಯಾಪಾರವೇ.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮಗಳು ಹಾಸ್ಟೆಲ್‌ಗೆ ಹೋದ ವರ್ಷ ಅವಳ ಗಪ್ಪಿ ಮೀನುಗಳನ್ನು ಊರಿನ ಕಟ್ಟೆಗೆ ಬಿಟ್ಟು ಬಂದವಳು ನಾನೇ. ಒಳ್ಳೆ ಕೆಲಸ ಮಾಡಿದೆ ಅಂತ ಖುಷಿಪಟ್ಟಿದ್ದೆ. ಅದೂ ಹೊರಗಿನ ಮೀನು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಈಗ ಆ ಕಟ್ಟೆಯಲ್ಲಿ ಇಣುಕಿದರೆ ಅವೇ ಕಾಣುತ್ತವೆ. ಇವತ್ತು ಆ ಮಗುವಿನ ಟಾಟಾ ನೋಡಿ ಹೊಟ್ಟೆ ಹಿಂಡಿದ್ದು ಅದಕ್ಕೇ.

ಆಮೆ ನಮ್ಮ ಹಿತ್ತಲ ಟಬ್‌ನಲ್ಲಿದೆ. ಅಮೆರಿಕದ ಜಾತಿ, ಯುರೋಪಿನವರು 1997ರಲ್ಲೇ ಆಮದು ನಿಲ್ಲಿಸಿದ್ದು ಇದನ್ನೇ. ಎರಡು ಕಚೇರಿಗೆ ಫೋನ್ ಮಾಡಿದೆ. ಇವರು ಅವರನ್ನು ಕೇಳಿ ಅಂದರು, ಅವರು ಇವರನ್ನು. ಇದನ್ನು ಯಾರಿಗೆ ಒಪ್ಪಿಸಬೇಕು ಅಂತ ಗೊತ್ತಿರುವವರು ದಯವಿಟ್ಟು ಕಾಮೆಂಟ್‌ನಲ್ಲಿ ತಿಳಿಸಿ. ಅಲ್ಲಿಯವರೆಗೆ ನಾನೇ ನೋಡಿಕೊಳ್ಳುತ್ತೇನೆ.