ಸತ್ಯಾಂಶ: ಬಿಳಿ ಮರಳು ಹಾಕಿದರೆ ಸಿಕ್ಲಿಡ್ ಮೀನಿಗೆ ಬಣ್ಣ ಬರುತ್ತದೆಯೇ?

ದಾವಣಗೆರೆಯಲ್ಲಿ ಮೀನು ಸಾಕುವವರ ವಾಟ್ಸಾಪ್‌ಗೆ ಈ ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ: ಅಕ್ವೇರಿಯಂಗೆ ಅಚ್ಚ ಬಿಳಿ ಮರಳು ಹಾಕಿ, ಗುಲಾಬಿ ಎಲ್‌ಇಡಿ ಹಗಲೂ ರಾತ್ರಿ ಉರಿಸಿ, ಸಿಕ್ಲಿಡ್ ಬಣ್ಣ ಕಾಯಂ ಆಗಿ ಏರುತ್ತದೆ ಅಂತ. ಇದು ನಿಜವಲ್ಲ. ಒಳ್ಳೆ ಮನಸ್ಸಿನಿಂದಲೇ ಕಳಿಸುತ್ತಾರೆ, ಆದರೆ ತೊಂದರೆ ಮೀನಿಗೆ.

ಮರಳಿನ ವಿಷಯ ಪೂರ್ತಿ ಉಲ್ಟಾ. ಸಿಕ್ಲಿಡ್ ಚರ್ಮದ ಕೆಲವು ಜೀವಕೋಶಗಳಲ್ಲಿ ಮೆಲನಿನ್ ಅನ್ನೋ ಕಪ್ಪು ಕಣಗಳಿರುತ್ತವೆ. ಸುತ್ತಮುತ್ತ ಬೆಳ್ಳಗಿದ್ದರೆ ಅವು ಕೋಶದ ನಡುವೆ ಒಟ್ಟಾಗಿ ಮೀನು ಪೇಲವವಾಗುತ್ತದೆ, ಗಾಢ ಹಿನ್ನೆಲೆಯಿದ್ದರೆ ಹರಡಿಕೊಂಡು ಮೈಬಣ್ಣ ತುಂಬಿಕೊಂಡಂತೆ ಕಾಣುತ್ತದೆ. ಹಾಗಂತ ತೀರಾ ಕಪ್ಪು ಮರಳೂ ಬೇಡ, ಹಳದಿ ಮೀನು ಮಸಿ ಹಿಡಿದಂತೆ ಕಾಣಬಹುದು. ನನ್ನ ಆಯ್ಕೆ ಕಂದು ಮರಳು.

ಗುಲಾಬಿ ಲೈಟ್ ಕೆಂಪನ್ನು ಎತ್ತಿ ತೋರಿಸುತ್ತದೆ ಅಷ್ಟೇ, ಹೊಸ ಬಣ್ಣ ಕೊಡುವುದಿಲ್ಲ. ರಾತ್ರಿಯಿಡೀ ಉರಿಸಿದರೆ ಮೀನಿಗೆ ವಿಶ್ರಾಂತಿ ಇಲ್ಲ, ಪಾಚಿಯೂ ಜಾಸ್ತಿ. ದಿನಕ್ಕೆ 8ರಿಂದ 10 ಗಂಟೆ ಸಾಕು.

ನೀವೇ ನೋಡಬಹುದು. ಬಣ್ಣದ ಲೈಟ್ ಆರಿಸಿ, ಹಗಲು ಬೆಳಕಲ್ಲಿ ಅದೇ ಮೀನನ್ನು ಗಮನಿಸಿ. ಆಮೇಲೆ ಗಾಜಿನ ಹಿಂದೆ ಕಪ್ಪು ಡ್ರಾಯಿಂಗ್ ಶೀಟ್ ಅಂಟಿಸಿ ಒಂದೆರಡು ದಿನ ಕಾಯಿರಿ. ಫಾರ್ವರ್ಡ್ ಆಗಿ ಬಂದ ಫೋಟೋದಲ್ಲಿ ಮೊದಲು ಮರಳನ್ನೇ ನೋಡಿ: ಬಿಳಿ ಮರಳೇ ಗುಲಾಬಿಯಾಗಿದ್ದರೆ ಆ ಬಣ್ಣ ಮೀನಿನದಲ್ಲ, ಲೈಟಿನದು ಅಲ್ವಾ?

ನಿಜವಾದ ಬಣ್ಣ ನಿಂತಿರುವುದು ವಂಶ, ಶುದ್ಧ ನೀರು, ಕೆರೋಟಿನಾಯ್ಡ್ (ಕೆಂಪು, ಹಳದಿ ಬಣ್ಣ ಕೊಡುವ ಅಂಶ) ಇರುವ ಆಹಾರದ ಮೇಲೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಲ್ಲಿ ಜಾಗ ಹಿಡಿದು ಮೆರೆಯುವ ಗಂಡಿಗೇ ಬಣ್ಣ ಜಾಸ್ತಿ. ಹೆದರಿ ಮೂಲೆ ಸೇರಿದ ಗಂಡು ಯಾವ ಲೈಟ್ ಹಾಕಿದರೂ ಮಂಕಾಗೇ ಇರುತ್ತದೆ.