ಪುದೀನಾ ಪರಿಮಳದ ಹಾರ್ನ್

ದೊಡ್ಡವರನ್ನೂ ಸೇರಿಸಿಕೊಳ್ಳುವ ಬೇಸಿಗೆ ಸಂಗೀತ ಶಿಬಿರಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಆದರೆ ಅವುಗಳ ಅರ್ಜಿ ನಮೂನೆಗಳನ್ನು ಬರೆಯುವವರು ಇಂದಿಗೂ ಹನ್ನೆರಡು ವರ್ಷದ ಮಗುವನ್ನೇ ಕಣ್ಣಮುಂದೆ ಇಟ್ಟುಕೊಂಡು ಬರೆಯುತ್ತಾರೆ. ಅಲ್ಲಿಯ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನ ಬೆಟ್ಟಗಳ ನಡುವೆ, ಸುರುಳಿ ಸುತ್ತಿದ ಹಿತ್ತಾಳೆಯ ಊದುವ ವಾದ್ಯವಾದ ಫ್ರೆಂಚ್ ಹಾರ್ನಿಗಾಗಿಯೇ ನಡೆಯುವ ಶಿಬಿರವೊಂದಕ್ಕೆ ಹೊರಟ ನಾನು, ಐವತ್ತು ದಾಟಿದವಳು, ನನಗೆ ಈಜು ಬರುತ್ತದೆಯೇ, ರಾತ್ರಿ ಮನೆಯ ನೆನಪಾಗಿ ಅಳುವ ಅಭ್ಯಾಸವಿದೆಯೇ ಎಂಬ ಪ್ರಶ್ನೆಗಳಿಗೆಲ್ಲ ಪ್ರಾಮಾಣಿಕವಾಗಿ ಉತ್ತರ ತುಂಬಿದ ಮೇಲೆ, ಪೋಷಕರ ಸಹಿ ಕಡ್ಡಾಯ ಎಂಬಲ್ಲಿಗೆ ಬಂದು ನಿಂತೆ. ಮೈಸೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ವಿಷಯ ತಿಳಿಸಿದಾಗ ಆಕೆ ಒಂದು ಕ್ಷಣವೂ ಯೋಚಿಸದೆ, "ಮದುವೆ ಮಾಡಿ ಕಳಿಸಿದ ದಿನವೇ ನನ್ನ ಜವಾಬ್ದಾರಿ ಮುಗೀತು ಕಣೇ, ಅಳಿಯಂದಿರ ಹತ್ತಿರ ಸಹಿ ಹಾಕಿಸಿಕೋ" ಎಂದರು. ನನ್ನ ಯಜಮಾನರು ನಮೂನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ವಾದ್ಯಕ್ಕೆ ವಿಮೆ ಇದೆಯೆಂದು ಖಚಿತಪಡಿಸಿಕೊಂಡು, 'ಸಂಬಂಧ' ಎಂಬ ಜಾಗದಲ್ಲಿ 'ಅನಿವಾರ್ಯ' ಎಂದು ಬರೆದು ಸಹಿ ಹಾಕಿದರು.

ಈ ವಾದ್ಯದ ಸ್ವಭಾವವನ್ನು ತಿಳಿಯದವರಿಗೆ ಮುಂದಿನ ಅನಾಹುತಗಳು ಅರ್ಥವಾಗುವುದಿಲ್ಲ. ಎಫ್ ಶ್ರುತಿಯ ಹಾರ್ನಿನ ಕೊಳವೆಯನ್ನು ಸುರುಳಿ ಬಿಚ್ಚಿ ನೇರ ಮಾಡಿದರೆ ಸುಮಾರು 12 ಅಡಿಯಾಗುತ್ತದೆ. ಈಗ ಹೆಚ್ಚಿನವರು ಬಳಸುವ ಡಬಲ್ ಹಾರ್ನಿನಲ್ಲಿ, ಹೆಬ್ಬೆರಳಿನ ವಾಲ್ವ್ ಒತ್ತಿದೊಡನೆ ಗಾಳಿಯು 9 ಅಡಿಯ ಇನ್ನೊಂದು ದಾರಿಯನ್ನು ಹಿಡಿಯುವ ವ್ಯವಸ್ಥೆಯೂ ಇರುತ್ತದೆ. ಟ್ರಂಪೆಟ್ಟಿನ ಕೊಳವೆ ಆ 12 ಅಡಿಯ ಅರ್ಧದಷ್ಟೂ ಇಲ್ಲ. ಇಷ್ಟು ಉದ್ದದ ಕೊಳವೆಯಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ತೀರ ಹತ್ತಿರ ಸಾಲುಗಟ್ಟಿ ನಿಂತಿರುವುದರಿಂದ, ತುಟಿಯ ಬಿಗಿ ಕೂದಲೆಳೆಯಷ್ಟು ತಪ್ಪಿದರೂ ಬೇಕಾದ ಸ್ವರದ ಬದಲು ಅದರ ಪಕ್ಕದ್ದು ಬಾಯಿ ಹಾಕುತ್ತದೆ. ಎರಡೂ ಒಟ್ಟಿಗೆ ಬರಲು ಹವಣಿಸಿದರೆ ಸ್ವರ ಒಡೆಯುತ್ತದೆ. ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳ ಪ್ರಧಾನ ವಾದಕರಿಗೂ ಇದು ತಪ್ಪಿದ್ದಲ್ಲ. ಸಾಲದುದಕ್ಕೆ, ವಾಲ್ವುಗಳನ್ನು ಒತ್ತುವ ಮುಖ್ಯ ಕೆಲಸ ಎಡಗೈಯದು. ಬಲಗೈಯನ್ನು ವಾದ್ಯದ ಅಗಲವಾದ ಬಾಯೊಳಗೆ ತೂರಿಸಿಕೊಂಡು ಕೂರಬೇಕು. ಹದಿನೆಂಟನೆಯ ಶತಮಾನದಲ್ಲಿ, ವಾಲ್ವುಗಳು ಇಲ್ಲದಿದ್ದಾಗ, ಡ್ರೆಸ್ಡೆನ್ನಿನ ಆಂಟನ್ ಹಾಂಪೆಲ್ ಎಂಬ ವಾದಕ ಹೀಗೆ ಕೈಯಿಂದ ಬಾಯನ್ನು ಮುಚ್ಚಿ ತೆರೆದು ಕೊಳವೆಯಲ್ಲಿಲ್ಲದ ಸ್ವರಗಳನ್ನೂ ಹೊರಡಿಸುವ ವಿದ್ಯೆಯನ್ನು ಬೆಳೆಸಿದನೆಂದು ಹೇಳುತ್ತಾರೆ. ಅಮ್ಮನಿಗೆ ಈ ಇತಿಹಾಸವೆಲ್ಲ ಬೇಕಿಲ್ಲ. ಬಲಗೈ ಇರುವಾಗ ಸರಸ್ವತಿಯ ಕೆಲಸವನ್ನು ಎಡಗೈಯಲ್ಲಿ ಮಾಡುವ ಪದ್ಧತಿ ಅದೆಂಥದು ಎಂಬುದಷ್ಟೇ ಆಕೆಯ ತಕರಾರು.

ಶಿಬಿರದಲ್ಲಿ ನಮ್ಮ ಕೊಠಡಿಯ ಮಂಚಗಳು ಒಂದರ ಮೇಲೊಂದು ಇದ್ದವು. ಮೇಲಿನ ಮಂಚವನ್ನು ಅಕ್ಷರಮಾಲೆಯ ಪ್ರಕಾರ ನನಗೆ ಕೊಟ್ಟಿದ್ದರು. ಕೆಳಗೆ ನಿವೃತ್ತ ದಂತವೈದ್ಯೆ, ಎದುರಿಗೆ ಶಾಲಾ ಶಿಕ್ಷಕಿಯೊಬ್ಬರು. ಬೆಳಗಿನ ಉಪಾಹಾರಕ್ಕೆ ಮುಂಚೆ ಯಾರೂ ವಾದ್ಯ ನುಡಿಸಬಾರದೆಂಬ ನಿಯಮವಿದ್ದುದರಿಂದ, ಇಬ್ಬರೂ ನಸುಕಿಗೇ ಎದ್ದು ಬರಿಯ ಮೌತ್‌ಪೀಸನ್ನು ತುಟಿಗಿಟ್ಟು ಗುಂಯ್‌ಗುಡುತ್ತಿದ್ದರು. ಈ ಸದ್ದಿಗೆ ಮಾರುಹೋಗಿಯೋ ಏನೋ ಕೊಳದ ಕಡೆಯ ನಿಜವಾದ ಸೊಳ್ಳೆಗಳು ಒಳಗೆ ಬಂದು, ನುಡಿಸುತ್ತಿದ್ದವರಿಬ್ಬರನ್ನೂ ಬಿಟ್ಟು, ಮಲಗಿದ್ದ ನನ್ನ ಮೇಲ್ತುಟಿಯನ್ನೇ ಆರಿಸಿಕೊಂಡವು. ಹಾರ್ನಿನ ಮೌತ್‌ಪೀಸು ಮೂರರಲ್ಲಿ ಎರಡು ಪಾಲು ಮೇಲ್ತುಟಿಯ ಮೇಲೆಯೇ ಕೂರಬೇಕೆಂಬುದು ಸಾಂಪ್ರದಾಯಿಕ ಪಾಠ. ದಂತವೈದ್ಯೆಯವರು ಟಾರ್ಚ್ ಹಿಡಿದು ಊತವನ್ನು ಪರೀಕ್ಷಿಸಿ, ತುಟಿಗೆ ಅಪಾಯವಿಲ್ಲವೆಂದೂ, ಆದರೆ ಎಡಗಡೆಯ ಕಡೆಹಲ್ಲೊಂದನ್ನು ಬೇಗ ತೋರಿಸಿಕೊಳ್ಳುವುದು ಒಳ್ಳೆಯದೆಂದೂ ತೀರ್ಪು ಕೊಟ್ಟರು.

ಅಲ್ಲಿಯ ಪಾಠದ ಕ್ರಮಕ್ಕೆ ಒಗ್ಗಿಕೊಳ್ಳುವುದು ನನ್ನಂಥವರಿಗೆ ಕಷ್ಟ. ಬಾಲ್ಯದಲ್ಲಿ ನನಗೆ ವರ್ಣ ಹೇಳಿಕೊಡುತ್ತಿದ್ದ ಮೇಷ್ಟ್ರು, ಅಪಸ್ವರ ಕೇಳಿದೊಡನೆ ತಂಬೂರಿಯನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಷ್ಟರಿಂದಲೇ ಎಲ್ಲವೂ ತಿಳಿಯುತ್ತಿತ್ತು. ಇಲ್ಲಿಯ ಗುರುಗಳು, "ಬಹಳ ಚೆನ್ನಾಗಿತ್ತು, ಆದರೆ" ಎಂದು ಆರಂಭಿಸುತ್ತಾರೆ, ಆ 'ಆದರೆ'ಯು ಪಾಠದ ಅವಧಿ ಮುಗಿಯುವವರೆಗೂ ಮುಗಿಯುವುದಿಲ್ಲ. ಇದಕ್ಕಿಂತ ಹಳೆಯ ಕಾಲದ ಸಂಯೋಜಕ ಮೊಜಾರ್ಟನೇ ವಾಸಿ. ತನ್ನ ಗೆಳೆಯನಾಗಿದ್ದ ಹಾರ್ನ್ ವಾದಕ ಲೊಯ್ಟ್‌ಗೆಬ್‌ನಿಗಾಗಿ ಕನ್ಚೆರ್ಟೊ (ಆರ್ಕೆಸ್ಟ್ರಾದ ಜೊತೆ ಒಂದು ವಾದ್ಯ ಮುಂದಾಳಾಗಿ ನುಡಿಸುವ ಕೃತಿ) ಬರೆದ ಆತ, 1783ರ ಆ ಹಸ್ತಪ್ರತಿಯ ಮೇಲೆಯೇ ಅವನನ್ನು ಕತ್ತೆ, ಎತ್ತು, ಮೂರ್ಖ ಎಂದು ಸ್ವಹಸ್ತದಿಂದ ನಮೂದಿಸಿದ್ದಾನೆ.

ಊಟದ ಸಪ್ಪೆಯನ್ನು ನಿರೀಕ್ಷಿಸಿ ನಾನು ಚಟ್ನಿಪುಡಿಯ ಡಬ್ಬಿಯನ್ನು ಒಯ್ದಿದ್ದೆ. ಉಪ್ಪು, ಖಾರ ಎರಡೂ ಊದುವ ತುಟಿಗೆ ಶತ್ರುಗಳೆಂಬ ಕಾರಣದಿಂದ ಅದನ್ನು ರಾತ್ರಿಯ ಊಟಕ್ಕೆ ಮಾತ್ರ ತೆರೆಯುತ್ತಿದ್ದೆ. ಒಂದು ಮಧ್ಯಾಹ್ನ ನಾನು ಎಷ್ಟು ಬೇಡವೆಂದರೂ ಕೇಳದೆ, ಒಹಾಯೊದಿಂದ ಬಂದಿದ್ದ ಎತ್ತರದ ಯುವಕನೊಬ್ಬ ಚಮಚದ ತುಂಬ ಚಟ್ನಿಪುಡಿಯನ್ನು ಒಣಗಿದ್ದಂತೆಯೇ ಬಾಯಿಗೆ ಹಾಕಿಕೊಂಡ. ಇನ್ನು ಹದಿನೈದು ನಿಮಿಷದಲ್ಲಿ ಅವನು ಎಲ್ಲರ ಮುಂದೆ ನುಡಿಸಬೇಕಿತ್ತು. ಕಿವಿಯವರೆಗೂ ಕೆಂಪಾಗಿ, ಎರಡು ಲೋಟ ಹಾಲು ಕುಡಿದು, ಕಣ್ಣೀರು ಸುರಿಸುತ್ತಲೇ ವೇದಿಕೆ ಹತ್ತಿದ ಅವನು, ನಿಧಾನಗತಿಯ ಭಾಗವನ್ನು ಒಂದು ಸ್ವರವೂ ಒಡೆಯದಂತೆ ನುಡಿಸಿದ. ಸಭಿಕರಲ್ಲಿ ಕೆಲವರು ಅವನ ಕಣ್ಣೀರನ್ನು ಕಂಡು ತಾವೂ ಕಣ್ಣೊರೆಸಿಕೊಂಡರು. ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಮೇಜಿನ ಮುಂದೆ ಸರತಿ ನಿಂತಿತ್ತು.

ನನ್ನ ಚತುಷ್ಟಯದ, ಎಂದರೆ ಒಟ್ಟಿಗೆ ನುಡಿಸುವ ನಾಲ್ಕು ಹಾರ್ನುಗಳ ಗುಂಪಿನ, ನಾಯಕನಿಗೆ ಹದಿನಾರು ವರ್ಷ. ಹಳೆಯ ಹಾರ್ನ್ ವಾದಕರು ಕೃತಿಯ ಶ್ರುತಿಗೆ ತಕ್ಕಂತೆ ವಾದ್ಯಕ್ಕೆ ಬೇರೆ ಬೇರೆ ಉದ್ದದ ಸುರುಳಿ ಕೊಳವೆಗಳನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಆ ಕಾಲದ ಸ್ವರಲಿಪಿಗಳು ಇಂದಿಗೂ ಹಾಗೆಯೇ ಉಳಿದಿರುವುದರಿಂದ, ಕಾಗದದ ಮೇಲೆ ಒಂದು ಸ್ವರವನ್ನು ನೋಡುತ್ತ, ಮನಸ್ಸಿನಲ್ಲೇ ಅದನ್ನು ಬದಲಿಸಿ, ಇನ್ನೊಂದನ್ನು ನುಡಿಸುವ ಕಸರತ್ತನ್ನು ನಾವೆಲ್ಲ ಮಾಡಬೇಕಾಗುತ್ತದೆ. ಹುಡುಗ ಇದನ್ನು ಚೂಯಿಂಗ್ ಗಮ್ ಅಗಿಯುತ್ತಲೇ ಮಾಡುತ್ತಿದ್ದ. ದೊಡ್ಡವರಾದ ನಾವು ಮೂವರು ಮೂರು ಶ್ರುತಿಗಳಲ್ಲಿ ಏಕಕಾಲಕ್ಕೆ ಆರಂಭಿಸಿದಾಗ ಅವನು ಗದರಲಿಲ್ಲ, ನಗಲೂ ಇಲ್ಲ. ನೀರು ಕುಡಿದು ಬನ್ನಿ ಎಂದು ಹೇಳಿ ಕಳಿಸಿದ. ಮೂವರೂ ಸಾಲಾಗಿ ಹೋಗಿ ಕುಡಿದು ಬಂದೆವು. ನಿವೃತ್ತ ನ್ಯಾಯಾಧೀಶರೊಬ್ಬರು ಆ ಮೂವರಲ್ಲಿ ಒಬ್ಬರು.

ಒಂದು ರಾತ್ರಿ ಊಟದ ಮೇಜಿನಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸನ 'ಕೊನೆಯ ನಾಲ್ಕು ಗೀತೆಗಳು' ಎಂಬ ಕೃತಿಯ ಮಾತು ಬಂದಿತು. ಇವು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಆ ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ನಮ್ಮ ಮಹಾರಾಜರಾದ ಜಯಚಾಮರಾಜ ಒಡೆಯರು. ಅಂದಿನ ಗಾಯನದ ಧ್ವನಿಮುದ್ರಣ ಹಡಗು ಹತ್ತಿ ಮೈಸೂರಿಗೆ ಬಂದಿತ್ತು. ಸ್ಟ್ರಾಸನ ತಂದೆ ಹೆಸರಾಂತ ಹಾರ್ನ್ ವಾದಕ. ಗೀತೆಗಳನ್ನು ನುಡಿಸಿದ ಫಿಲ್‌ಹಾರ್ಮೋನಿಯ ಆರ್ಕೆಸ್ಟ್ರಾಕ್ಕೆ ಆಗ ಪ್ರಧಾನ ಹಾರ್ನ್ ವಾದಕ ಡೆನಿಸ್ ಬ್ರೈನ್. ಎರಡನೆಯ ಗೀತೆ ಮುಗಿಯುವುದೇ ಹಾರ್ನಿನ ಏಕಾಂತ ವಾದನದಿಂದ. ಇದನ್ನೆಲ್ಲ ನಾನು ಅರಮನೆಯ ದಿವಾನರ ಠೀವಿಯಲ್ಲಿ ವಿವರಿಸಿದ್ದನ್ನು ಪಕ್ಕದ ಮೇಜಿನಲ್ಲಿದ್ದ ಗುರುಗಳು ಕೇಳಿಸಿಕೊಂಡು, ಹಾಗಿದ್ದರೆ ಆ ಭಾಗವನ್ನು ನಾಳೆ ಮೈಸೂರಿನವರಿಂದಲೇ ಕೇಳೋಣವೆಂದು ಎಲ್ಲರೆದುರು ಘೋಷಿಸಿಬಿಟ್ಟರು. ಮಹಾರಾಜರ ಖಾತರಿಯಲ್ಲಿ ನನ್ನ ತುಟಿ ಸೇರಿರಲಿಲ್ಲ.

ಮರುದಿನ ತರಗತಿಯಲ್ಲಿ, ಸೊಳ್ಳೆಯ ಊತ ಇಳಿದು ಮೊದಲ ಸಾಲು ನನಗೇ ಆಶ್ಚರ್ಯವಾಗುವಷ್ಟು ಮೃದುವಾಗಿ ಬರುತ್ತಿದ್ದಾಗ, ಎಡಗೈಯ ನಡುಬೆರಳಿನ ಕೆಳಗೆ ಟಪ್ಪೆಂಬ ಸದ್ದಾಗಿ ಎರಡನೆಯ ವಾಲ್ವನ್ನು ಒತ್ತುವ ಸನ್ನೆಕೋಲು ಸತ್ತಂತೆ ಬಿದ್ದುಬಿಟ್ಟಿತು. ಹಾರ್ನಿನ ಸುತ್ತುವ ವಾಲ್ವುಗಳನ್ನು ತಿರುಗಿಸುವುದು ಒಂದು ಗೇಣು ದಾರ. ಸಾವಿರಾರು ಡಾಲರಿನ ಹಿತ್ತಾಳೆಯ ವಾದ್ಯವು ನಿಂತಿರುವುದು ಆ ದಾರದ ಮೇಲೆ, ಮತ್ತು ಅದು ಹರಿಯುವುದು ಯಾವಾಗಲೂ ಜನರ ಮುಂದೆ. ಬಿಡಿ ದಾರ ಯಾರ ಬಳಿಯೂ ಇರಲಿಲ್ಲ. ನ್ಯಾಯಾಧೀಶರು ಕೊಳದಲ್ಲಿ ಮೀನು ಹಿಡಿಯುವವರನ್ನು ಹುಡುಕಿಕೊಂಡು ಹೊರಟರು. ಆಗ ದಂತವೈದ್ಯೆಯವರು ಕೈಚೀಲದಿಂದ ಹಲ್ಲುಸಂದಿ ತೀಡುವ, ಮೇಣ ಹಚ್ಚಿದ ದಾರವನ್ನು ತೆಗೆದು, ನಿವೃತ್ತಿಯಾದರೂ ಇದನ್ನು ಬಿಟ್ಟು ಹೊರಡುವುದಿಲ್ಲವೆಂದು ಕೊಟ್ಟರು. ಸನ್ನೆಯ ತುದಿಯ ರಂಧ್ರದಲ್ಲಿ ಅದನ್ನು ಪೋಣಿಸಿ, ವಾಲ್ವಿನ ತಲೆಯ ಪುಟ್ಟ ತೋಳಿಗೆ ಎಂಟರ ಆಕಾರದಲ್ಲಿ ಸುತ್ತಿ, ಮಧ್ಯದ ತಿರುಪಿಗೆ ಕುಣಿಕೆ ಹಾಕಿ, ಸನ್ನೆಯು ಉಳಿದವುಗಳ ಸಮಕ್ಕೆ ಬರುವಂತೆ ಎಳೆದು ಬಿಗಿಯಬೇಕು. ಅಮ್ಮನ ಪಕ್ಕದಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಪಳಗಿದ ಬೆರಳುಗಳಿಗೆ ಇದು ದೊಡ್ಡ ಕೆಲಸವೇನಲ್ಲ. ಎರಡೇ ನಿಮಿಷದಲ್ಲಿ ವಾಲ್ವ್ ತಿರುಗತೊಡಗಿತು. ಗುರುಗಳು ಮೊದಲ ಬಾರಿಗೆ ನನ್ನನ್ನು 'ಆದರೆ' ಇಲ್ಲದೆ ಹೊಗಳಿದರು, ಗಂಟಿಗಾಗಿ. ಆಮೇಲೆ ನುಡಿಸಿದ್ದಕ್ಕೆ ಎಂದಿನಂತೆ 'ಆದರೆ' ಇತ್ತು. ವಾದ್ಯವನ್ನು ಮುಖದ ಹತ್ತಿರ ತಂದಾಗಲೆಲ್ಲ ಆ ದಾರದ ಪುದೀನಾ ವಾಸನೆ ಬರುತ್ತಿತ್ತು.

ಸಮಾರೋಪದ ಕಛೇರಿ ಊರಿನ ಚರ್ಚಿನಲ್ಲಿ ನಡೆಯಿತು. ನಮ್ಮ ಚತುಷ್ಟಯದಲ್ಲಿ ನಾಲ್ವರೂ ಸುಮ್ಮನಿದ್ದು, ಎಣಿಸಿಕೊಂಡು, ಒಟ್ಟಿಗೆ ನುಡಿಸಲು ಶುರುಮಾಡುವ ಜಾಗವೊಂದಿತ್ತು. ಅಭ್ಯಾಸದಲ್ಲಿ ಪ್ರತಿ ಸಲವೂ ಎಡವುತ್ತಿದ್ದ ನಾವು ಮೂವರು ಹಿರಿಯರು ಅಂದು ಉಸಿರು ಬಿಗಿಹಿಡಿದು, ಪಾದದ ಬೆರಳುಗಳಲ್ಲೂ ತಾಳ ಹಾಕಿಕೊಂಡು ಎಣಿಸಿದೆವು. ಮೂವರ ಲೆಕ್ಕವೂ ಸರಿಯಾಗಿತ್ತೆಂದು ಆಮೇಲೆ ತಾಳೆ ನೋಡಿದಾಗ ತಿಳಿಯಿತು. ಆದರೆ ನಾಯಕ ಒಂದು ಆವರ್ತ ಮುಂಚೆಯೇ ಪೂರ್ಣ ಆತ್ಮವಿಶ್ವಾಸದಿಂದ ನುಡಿಸಲು ಶುರುಮಾಡಿದ. ನ್ಯಾಯಾಧೀಶರು ನನ್ನ ಮುಖ ನೋಡಿದರು, ನಾನು ಎದುರು ಮಂಚದ ಶಿಕ್ಷಕಿಯ ಮುಖ ನೋಡಿದೆ, ಮೂವರೂ ಸರಿಯಾದ ಲೆಕ್ಕವನ್ನು ಕೈಬಿಟ್ಟು ಅವನ ಹಿಂದೆ ಧುಮುಕಿದೆವು. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಗೆ ಮೆಟ್ಟಿಲುಗಳ ಮೇಲೆ ಹುಡುಗ ನಮ್ಮನ್ನು ನಿಲ್ಲಿಸಿ, ಒಟ್ಟಾರೆ ಪರವಾಗಿಲ್ಲ, ಆದರೆ ಆ ಒಂದು ಜಾಗದಲ್ಲಿ ನೀವು ಮೂವರೂ ತಡವಾಗಿ ಬಂದಿರಿ ಎಂದ.